ಊರುಗಾಲು

ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಕಳೆದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಗೆ ಒಂದು ಸಂಚಿಕೆ ತರುತ್ತಿದ್ದೇವೆ, ಇಷ್ಟು ವರ್ಷ ಜೊತೆಗಿದ್ದವರು ನೀವು, ಒಂದು ಪುಟ ಬರೆದುಕೊಡಿ ಎಂದು ಹೆಡ್‌ಮಿಸ್ ಕೇಳಿದರು. "ಒಳ್ಳೇದು ಬರೀರಿ ಸಾರ್, ನಿಮ್ಮ ಬಾಯಿ ನಂಗೊತ್ತು" ಅಂತ ಒಂದು ಒಗ್ಗರಣೆಯನ್ನೂ ಹಾಕಿದರು. ಬರೆದುಕೊಟ್ಟೆ. ಶಿಸ್ತಿನ ಸಿಪಾಯಿ, ಮಕ್ಕಳ ಪಾಲಿನ ತಂದೆ, ಮೈದಾನವನ್ನೇ ಮನೆ ಮಾಡಿಕೊಂಡವರು. ಇಂಥ ಮಾತು ಬರೆಯಲು ಏನು ಬೇಕು, ಪೆನ್ನಿನಲ್ಲಿ ಇಂಕಿದ್ದರೆ ಸಾಕು. ಅಚ್ಚಾಗಿ ಬಂದದ್ದನ್ನು ಓದಿಕೊಂಡೆ. ಕೆಳಗೆ ನನ್ನದೇ ಹೆಸರು, ಮೇಲೆ ಅವರ ಫೋಟೋ. ಆ ಪುಟದಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಊರಿಗೆಲ್ಲ ಅವರು ಪಿ.ಟಿ. ಮೇಷ್ಟ್ರು, ಇಲ್ಲೂ ಹಾಗೇ ಇರಲಿ.

ನಾನು ವಿಜ್ಞಾನದ ಮೇಷ್ಟ್ರು. ಕುಂದಾಣದಿಂದ ಎರಡು ಬಸ್ಸು ಹತ್ತಿ ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ ಬಂದು, ಅಲ್ಲಿಂದ ನಮ್ಮ ಶಾಲೆಗೆ ನಡೆದು ಹೋಗಬೇಕು. ದಾರಿಯುದ್ದಕ್ಕೂ ರೇಷ್ಮೆಯ ರೀಲಿಂಗ್ ಶೆಡ್ಡುಗಳು. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಹುಳುವಿನ ವಾಸನೆ ಇದೆಯಲ್ಲ, ಅದು ಅಂಗಿಗೆ ಹತ್ತಿದರೆ ಮನೆಗೆ ಹೋದರೂ ಬಿಡುವುದಿಲ್ಲ. ನಾನು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಶಾಲೆಯ ಗೇಟು ದಾಟುತ್ತಿದ್ದೆ. ಪಿ.ಟಿ. ಮೇಷ್ಟ್ರು ಗೇಟಿನಲ್ಲಿ ನಿಂತು ನಗುತ್ತಿದ್ದರು. "ಏನ್ ಸಾರ್, ಇವತ್ತೂ ಮದುವಣಗಿತ್ತಿ ಥರ ಮುಖ ಮುಚ್ಕೊಂಡು ಬಂದ್ಬಿಟ್ರಿ?" ಅನ್ನುತ್ತಿದ್ದರು. ಆ ಗಾಳಿಯಲ್ಲೇ ನಿಂತು ಅವರು ಕಡಲೆಪುರಿ ತಿನ್ನುತ್ತಿದ್ದರು.

ನನಗೆ ಮೊದಲಿನಿಂದಲೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ, ಅವರ ವಿಷಲ್ ಒಂದೇ ಸಾಕಿತ್ತು. ಇಡೀ ದಿನ ಬಾಯಲ್ಲೇ ಇಟ್ಟುಕೊಂಡು ಚೀಪುತ್ತಿದ್ದರು. ಸ್ಟಾಫ್ ರೂಮಿಗೆ ಬಂದರೆ ಅದನ್ನು ತೆಗೆದು ಮೇಜಿನ ಮೇಲೆ, ನಮ್ಮ ಹಾಜರಿ ಪುಸ್ತಕದ ಪಕ್ಕದಲ್ಲೇ ಇಡುತ್ತಿದ್ದರು. ಅದರಿಂದ ಎಂಜಲು ಸಣ್ಣಗೆ ಇಳಿದು ಮೇಜಿನ ಮೇಲೆ ಒಂದು ಕಲೆ ಆಗಿಬಿಟ್ಟಿತ್ತು. ಆ ಕಲೆ ಇವತ್ತಿಗೂ ಇದೆ. ಊಟದ ಹೊತ್ತಿಗೆ ಯಾರ ಡಬ್ಬಿಗಾದರೂ ಕೈ ಹಾಕಿ ಉಪ್ಪಿನಕಾಯಿ ಎತ್ತಿಕೊಳ್ಳುವುದು, ಬೆರಳು ನೆಕ್ಕಿ ಮತ್ತೆ ಅದೇ ಬೆರಳು ಅದ್ದುವುದು. ಒಂದು ಸಲ ನಾನು ಡಬ್ಬಿಯನ್ನೇ ಅವರ ಕಡೆ ತಳ್ಳಿ, "ಪೂರ್ತಿ ತಗೊಳ್ಳಿ, ನನಗೆ ಬೇಡ" ಎಂದೆ. ಅವರು ಸಂತೋಷದಿಂದ ಪೂರ್ತಿ ತೆಗೆದುಕೊಂಡರು.

ಮತ್ತೆ ಆ ಎಡಗಾಲು. ಕುರ್ಚಿಯಲ್ಲಿ ಕೂತರೆ ಎಡಗಾಲನ್ನು ಉದ್ದಕ್ಕೆ ಚಾಚಿಬಿಡುತ್ತಿದ್ದರು. ಹೋಗುವವರು ಬರುವವರು ಎಲ್ಲ ಅದನ್ನು ಎಡವಬೇಕು. ನಾನಂತೂ ಎರಡು ಸಲ ಬೀಳುವುದರಲ್ಲಿದ್ದೆ. ಸೊಕ್ಕು ಅಂದುಕೊಂಡಿದ್ದೆ. ಆ ಮಂಡಿ ಪೂರ್ತಿ ಮಡಿಸಲು ಬರುವುದಿಲ್ಲ ಎನ್ನುವುದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಕಾಲೇಜಿನಲ್ಲಿ ಆಡುವಾಗ ಒಂದು ದಿನ ಚೆಂಡು ಒದೆಯಲು ಹೋಗಿ ಎಡ ಮಂಡಿ ಒಳಗೆ ಹರಿದುಹೋಯಿತಂತೆ. ಅದನ್ನು ಅವರೇ ಹೇಳಿದ್ದು, ಅದೂ ಒಂದೇ ಸಲ. "ಒದ್ದಿದ್ದು ಬಲಗಾಲು ಸಾರ್, ಹೋಗಿದ್ದು ಎಡಗಾಲು. ಯಾರಿಗ್ ಹೇಳಿದ್ರೂ ನಂಬಲ್ಲ" ಎಂದು ಮಂಡಿಯನ್ನು ಅಂಗೈಯಿಂದ ಉಜ್ಜಿಕೊಂಡಿದ್ದರು. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಅವರಿಗೆ ಗೊತ್ತಿರಲಿಲ್ಲ ಎಂದು ಆಮೇಲೆ ಯಾರೂ ಹೇಳಬಾರದು.

ಇಷ್ಟೆಲ್ಲ ಅಸಹ್ಯದ ನಡುವೆ ಒಂದು ಮಾತು ಒಪ್ಪಿಕೊಳ್ಳದೆ ವಿಧಿಯಿಲ್ಲ. ಆ ಮನುಷ್ಯನಿಗೆ ಕಣ್ಣಿತ್ತು.

ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಅವರು ಮೈದಾನದ ಒಂದು ಮೂಲೆಗೆ ಬಿಂದಿಗೆಯಲ್ಲಿ ನೀರು ತಂದು ಚಿಮುಕಿಸುತ್ತಿದ್ದರು. ನಮ್ಮ ಕಡೆಯದು ಕೆಂಪು ಮಣ್ಣು, ಸ್ವಲ್ಪ ನೀರು ಬಿದ್ದರೆ ಹೆಜ್ಜೆ ಅಚ್ಚೊತ್ತಿದಂತೆ ಮೂಡುತ್ತದೆ. ಅಲ್ಲಿ ಚೆಂಡಿಟ್ಟು ಒಬ್ಬೊಬ್ಬರಿಗೇ ಒದೆಯಲು ಹೇಳುತ್ತಿದ್ದರು. ಚೆಂಡು ಹೋದರೆ ಮಕ್ಕಳೆಲ್ಲ ಚೆಂಡಿನ ಕಡೆ ನೋಡುತ್ತಾರೆ, ಅದು ಗೋಲಿಗೆ ಬಿತ್ತೋ ಬೇಲಿಗೆ ಬಿತ್ತೋ ಎಂದು. ಇವರು ಚೆಂಡಿಗೆ ಬೆನ್ನು ಹಾಕಿ, ಬಗ್ಗಿ, ನೆಲ ನೋಡುತ್ತಿದ್ದರು. ಒದ್ದ ಕಾಲಿನ ಹೆಜ್ಜೆಯನ್ನಲ್ಲ, ಒದೆಯುವಾಗ ನೆಲಕ್ಕೆ ಊರಿಕೊಂಡ ಕಾಲಿನ ಹೆಜ್ಜೆಯನ್ನು. ಅದಕ್ಕೆ ಅವರು ಇಟ್ಟ ಹೆಸರು ಊರುಗಾಲು. ಮಕ್ಕಳು ಮೊದಮೊದಲು ಊರುಗೋಲು ಅಂದುಕೊಂಡು, ಅಜ್ಜನ ಕೋಲು ನಮಗ್ಯಾಕೆ ಎಂದು ನಗುತ್ತಿದ್ದವು.

"ಹಿಮ್ಮಡಿ ಆಳಕ್ಕೋಗಿದೆ ನೋಡು. ಹಿಂದಕ್ಕೆ ವಾಲ್ಕೊಂಡು ಒದ್ದಿದೀಯ. ಚೆಂಡು ಮೇಲಕ್ಕೋಗಿ ಬೇಲಿ ದಾಟಿರ್ಬೇಕು" ಅನ್ನುತ್ತಿದ್ದರು, ತಲೆ ಎತ್ತದೆ. ಚೆಂಡು ಬೇಲಿ ದಾಟಿಯೇ ಇರುತ್ತಿತ್ತು. ಚೆಂಡಿಗೂ ಊರುಗಾಲಿಗೂ ನಡುವೆ ಒಂದು ಗೇಣು ಇರಬೇಕು, ಬೆರಳು ಹೋಗಬೇಕಾದ ಕಡೆಗೆ ನೆಟ್ಟಗಿರಬೇಕು. ಗೇಣನ್ನು ಪ್ರತಿ ಮಗುವಿನ ಕೈಯಿಂದಲೇ ಅಳೆಸುತ್ತಿದ್ದರು, ತಮ್ಮ ಕೈಯಿಂದಲ್ಲ. ನಿನ್ನ ಕಾಲಿಗೆ ನಿನ್ನ ಗೇಣು ಎನ್ನುವುದು ಅವರ ಲೆಕ್ಕ. ಒಮ್ಮೆ ನಾನು, ಚೆಂಡು ಎಲ್ಲಿಗೆ ಹೋಯಿತು ಅಂತ ಒಂದು ಸಲವಾದರೂ ನೋಡಬಾರದಾ ಎಂದು ಕೇಳಿದೆ. "ಚೆಂಡು ಸುಳ್ಳು ಹೇಳ್ಬೋದು ಸಾರ್. ಅದೃಷ್ಟಕ್ಕೆ ಗೋಲೂ ಆಗ್ಬೋದು. ಹೆಜ್ಜೆ ಸುಳ್ಳು ಹೇಳಲ್ಲ" ಎಂದರು. ಎಂಜಲು ಸುರಿಯುವ ಬಾಯಿಂದ ಇಂಥ ಮಾತು ಬಂದರೆ ಕೇಳಿದವನಿಗೆ ಹೊಟ್ಟೆಕಿಚ್ಚಾಗುತ್ತದೆ. ನನಗೂ ಆಯಿತು.

ಆ ಹೊಟ್ಟೆಕಿಚ್ಚಿನಿಂದಲೇ ಇರಬೇಕು, ಹತ್ತು ವರ್ಷದ ಹಿಂದಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾನು ಚೆಂಡು ಒದೆಯುವುದನ್ನೇ ವಿಷಯ ಮಾಡಿಕೊಂಡೆ. ಅವರ ಕಣ್ಣು ಕಂಡದ್ದನ್ನು ನನ್ನ ಫೋನು ಇನ್ನೂ ಚೆನ್ನಾಗಿ ತೋರಿಸುತ್ತದೆ ಅನ್ನುವ ಜಂಬ. ಆಗಷ್ಟೇ ಹೊಸ ಫೋನು ತೆಗೆದುಕೊಂಡಿದ್ದೆ, ನಿಧಾನವಾಗಿ ಓಡುವ ವಿಡಿಯೋ ಅದರಲ್ಲಿ ಬರುತ್ತಿತ್ತು. ಏನೂ ಬಾರದವರ ಒದೆತ, ಅಷ್ಟಿಷ್ಟು ಆಡಿದವರ ಒದೆತ, ಚೆನ್ನಾಗಿ ಬಲ್ಲವರ ಒದೆತ, ಮೂರನ್ನೂ ಪಕ್ಕಪಕ್ಕದಲ್ಲಿ ತೋರಿಸುವುದು ಎಂದುಕೊಂಡೆ.

"ಏನೂ ಬಾರದವರು ಯಾರು?" ಎಂದು ಹೆಡ್‌ಮಿಸ್ ಕೇಳಿದರು. ಪಿ.ಟಿ. ಮೇಷ್ಟ್ರು ನನ್ನನ್ನು ತೋರಿಸಿದರು. ಸರಿ, ನಾನೇ ಒದ್ದೆ. ಚೆಂಡಿನ ಎದುರಿಗೆ ನೇರವಾಗಿ ಓಡಿ, ಬೆರಳ ತುದಿಯಿಂದ ಒದ್ದೆ. ಚೆಂಡು ನಾಲ್ಕು ಮಾರು ಹೋಯಿತು, ಚಪ್ಪಲಿ ಅದಕ್ಕಿಂತ ದೂರ ಹೋಗಿ ಬಿಸಿಯೂಟದ ಪಾತ್ರೆಯ ಪಕ್ಕ ಬಿತ್ತು. ವಿಡಿಯೋ ನೋಡಿದರೆ ಇನ್ನೂ ನಾಚಿಕೆ. ಕಾಲು ಸೊಂಟದಿಂದ ಬೆರಳಿನವರೆಗೆ ಒಂದೇ ಹಲಗೆಯಂತೆ ಬರುತ್ತದೆ, ಊರುಗಾಲು ಚೆಂಡಿಗಿಂತ ಎರಡು ಗೇಣು ಹಿಂದಿದೆ, ಮೈ ಹಿಂದಕ್ಕೆ ವಾಲಿದೆ, ಚೆಂಡು ತಾಗಿದ ತಕ್ಷಣ ಕಾಲು ಹೆದರಿದಂತೆ ಅಲ್ಲೇ ನಿಂತುಬಿಡುತ್ತದೆ. ಎರಡನೆಯದಕ್ಕೆ ಎಂಟನೇ ಕ್ಲಾಸಿನ ಒಂದು ಹುಡುಗಿ. ಅವಳು ಓರೆಯಾಗಿ ಓಡಿ ಬಂದಳು, ಊರುಗಾಲು ಸರಿಯಾದ ಜಾಗಕ್ಕೇ ಬಿತ್ತು, ಆದರೆ ತೊಡೆ ಕಣಕಾಲು ಎರಡೂ ಒಟ್ಟಿಗೇ ಬಂದವು, ಕೈಗಳು ಸುಮ್ಮನೆ ಜೋತಾಡಿದವು.

ಮೂರನೆಯವಳು ಮುಬೀನಾ. ಹತ್ತನೇ ಕ್ಲಾಸು, ಹುಡುಗಿಯರ ತಂಡದ ಮುಂದಾಳು. ಅವಳ ಅಪ್ಪ ರೀಲಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸಿ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಕ್ಕಾಗಿದ್ದ ಮನುಷ್ಯ. ಮಗಳನ್ನು ಆಟಕ್ಕೆ ಕಳಿಸಲು ಅವರು ಒಪ್ಪಿರಲಿಲ್ಲ. ಪಿ.ಟಿ. ಮೇಷ್ಟ್ರು ಮೂರು ಸಲ ಶೆಡ್ಡಿಗೇ ಹೋಗಿ ಕೇಳಿದರು. ಮೂರನೇ ಸಲ ನಾನೂ ಮೂಗು ಮುಚ್ಚಿಕೊಂಡು ಜೊತೆಗೆ ಹೋಗಿದ್ದೆ. "ಮೇಷ್ಟ್ರೇ, ನಂಗೆ ಆಟದ್ದು ಏನೂ ಗೊತ್ತಾಗಲ್ಲ. ನಿಮ್ಮ ಕೈಲಿ ಬಿಟ್ಟಿದೀನಿ. ನಿಮ್ಮ ಮಗಳು ಅಂದ್ಕೊಳ್ಳಿ" ಎಂದರು ಅಪ್ಪ. ಪಿ.ಟಿ. ಮೇಷ್ಟ್ರು ಆ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಯ್ತು ಎಂದರು.

ಮುಬೀನಾ ಒದೆಯುವುದನ್ನು ಬರಿಗಣ್ಣಿನಲ್ಲಿ ನೋಡಿದರೆ ಬರೀ ಶಬ್ದ, ಚೆಂಡು ಗೋಲಿನಲ್ಲಿ. ನಿಧಾನವಾಗಿ ನೋಡಿದರೆ ಬೇರೆಯೇ. ಕೊನೆಯ ಹೆಜ್ಜೆ ಉದ್ದಕ್ಕೆ ಹಾರುತ್ತದೆ. ಬಲಗಾಲಿನ ಹಿಮ್ಮಡಿ ಹಿಂದೆ ಸೊಂಟದ ಹತ್ತಿರದವರೆಗೂ ಹೋಗುತ್ತದೆ. ಆಮೇಲೆ ಎಲ್ಲ ಒಟ್ಟಿಗೆ ಬರುವುದಿಲ್ಲ, ಸರದಿಯಲ್ಲಿ ಬರುತ್ತದೆ. ಮೊದಲು ಸೊಂಟ ತಿರುಗುತ್ತದೆ, ಅದರ ಹಿಂದೆ ತೊಡೆ, ತೊಡೆ ನಿಧಾನವಾಗುವ ಹೊತ್ತಿಗೆ ಕಣಕಾಲು ಮುಂದಕ್ಕೆ ಹಾಯುತ್ತದೆ. ಒದ್ದೆ ಟವೆಲ್ಲನ್ನು ಒದರುವಾಗ ಕೈ ನಿಂತ ಮೇಲೆ ತುದಿ ಚಟ್ ಅನ್ನುತ್ತದಲ್ಲ, ಹಾಗೆ. ಪಾದ ನೀಳವಾಗಿ ಬಿಗಿದಿರುತ್ತದೆ, ಶೂವಿನ ಲೇಸು ಕಟ್ಟುವ ಜಾಗ ಚೆಂಡಿಗೆ ತಾಗುತ್ತದೆ. ಎಡಗೈ ಹಿಂದಿನಿಂದ ಬೀಸಿ ಮೈಗೆ ಅಡ್ಡ ಬರುತ್ತದೆ. ಚೆಂಡು ಹೋದ ಮೇಲೂ ಅವಳು ನಿಲ್ಲುವುದಿಲ್ಲ, ಹೊಡೆತದ ರಭಸಕ್ಕೆ ಮುಂದಕ್ಕೆ ಹೋಗಿಬಿಡುತ್ತಾಳೆ. ನಾನು ಮೂರು ಸಲ ನೋಡಿದೆ, ಮೂರು ಸಲವೂ ಮೈ ಜುಂ ಎಂದಿತು.

ನಾಲ್ಕನೇ ಸಲ ಸ್ಟಾಫ್ ರೂಮಿನಲ್ಲಿ ಪಿ.ಟಿ. ಮೇಷ್ಟ್ರಿಗೆ ತೋರಿಸಿದೆ. ಅವರು ವಿಷಲ್ ಚೀಪುತ್ತಾ ನೋಡಿದರು. ಎಡಗಾಲು ನೆಲಕ್ಕೆ ಬಿದ್ದ ಕಡೆ ಬೆರಳಿಟ್ಟು ನಿಲ್ಲಿಸಿದರು. ಹಿಂದಕ್ಕೆ ಎಳೆದು ಮತ್ತೆ ನೋಡಿದರು. ಚೀಪುವುದು ನಿಂತಿತು. ಆಗ ನಾನೂ ನೋಡಿದೆ. ಊರುಗಾಲು ಹೊರಕ್ಕೆ ತಿರುಗಿ ಬೀಳುತ್ತಿತ್ತು, ಮೈಯ ಭಾರ ಬೀಳುತ್ತಲೇ ಮಂಡಿ ಒಳಕ್ಕೆ ಕುಸಿಯುತ್ತಿತ್ತು. ಬಲ ಮಂಡಿಗೆ ಇನ್ನೇನು ತಾಗುತ್ತದೆ ಅನ್ನುವಷ್ಟು. ನಾಲ್ಕು ಒದೆತದ ವಿಡಿಯೋ ಇತ್ತು, ನಾಲ್ಕರಲ್ಲೂ ಹಾಗೇ.

"ಇದು ಸರಿನಾ?" ಎಂದು ಕೇಳಿದೆ.

"ಸರಿಯಿಲ್ಲ" ಎಂದರು. ಕೈ ತಂತಾನೇ ತಮ್ಮ ಎಡ ಮಂಡಿಯ ಮೇಲೆ ಹೋಗಿತ್ತು.

"ಮತ್ತೆ?"

"ಒಂದೂವರೆ ಎರಡು ತಿಂಗಳು ಆಟ ನಿಲ್ಲಿಸಿ, ಒಂಟಿಕಾಲಲ್ಲಿ ನಿಲ್ಲೋದು, ಒಂಟಿಕಾಲಲ್ಲಿ ಕೂತೇಳೋದು, ಹಾರಿ ಇಳಿಯೋದು ಮಾಡ್ಸಬೇಕು. ತೊಡೆ, ಸೊಂಟ ಗಟ್ಟಿಯಾಗ್ಬೇಕು. ಆಮೇಲೆ ಆಡ್ಸಬೋದು." ಫೋನನ್ನು ನನ್ನ ಕಡೆ ತಳ್ಳಿ ಹೇಳಿದರು, "ಜಿಲ್ಲಾ ಫೈನಲ್ಲಿಗೆ ಇನ್ನು ಮೂರು ವಾರ ಸಾರ್."

ನಮ್ಮ ಶಾಲೆ ತಾಲ್ಲೂಕು ದಾಟಿದ್ದೇ ಅದು ಮೊದಲ ಸಲ. ಅವರ ಇಡೀ ಸರ್ವಿಸಿನಲ್ಲಿ ಮೊದಲ ಸಲ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು, ಇದಕ್ಕೆ ಎರಡು ವರ್ಷ ಹಿಂದಿನದು. ಊರಿನ ದೊಡ್ಡ ಮನುಷ್ಯರೊಬ್ಬರ ಮಗಳು ನಮ್ಮಲ್ಲಿ ಓದುತ್ತಿದ್ದಳು. ಅವಳ ಮಂಡಿಯೂ ಹೀಗೇ ಕುಸಿಯುತ್ತಿತ್ತು, ಇಷ್ಟೇನೂ ಅಲ್ಲ. ಪಿ.ಟಿ. ಮೇಷ್ಟ್ರು ಹೆಜ್ಜೆ ನೋಡಿದವರೇ ಅವಳನ್ನು ಆಟದಿಂದ ತೆಗೆದು, ಎರಡು ತಿಂಗಳು ಹೊಂಗೆ ಮರದ ಕೆಳಗೆ ಒಂಟಿಕಾಲಲ್ಲಿ ನಿಲ್ಲಿಸಿದ್ದರು. ತಾಲ್ಲೂಕು ಮ್ಯಾಚು ಹೋದರೂ ಹೋಗಲಿ ಎಂದಿದ್ದರು. ಎಂಥ ಮೇಷ್ಟ್ರು ಎಂದು ಆಗ ನಾನೇ ಹೊಗಳಿದ್ದೆ. ಈಗ ಅದನ್ನೇ ನೆನಪಿಸಿದೆ.

"ಆ ಹುಡುಗಿ ವಿಷ್ಯ ಬೇರೆ ಸಾರ್" ಎಂದರು. "ಅವಳಿಗೆ ಏನಾದ್ರೂ ಆಗಿದ್ರೆ ಕೇಳೋರು ಇದ್ರು."

ಹೇಳಿದ್ದು ತಮಾಷೆಗಲ್ಲ, ಕೋಪದಲ್ಲೂ ಅಲ್ಲ. ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದರು. ಎಂಜಲ ವಿಷಲ್ಲು, ಉಪ್ಪಿನಕಾಯಿಯ ಬೆರಳು ಎಲ್ಲ ಸೇರಿದರೂ ಆಗದಷ್ಟು ಹೇಸಿಗೆ ಆ ಒಂದು ಮಾತಿನಿಂದ ಆಯಿತು. ಇಷ್ಟಾದರೂ ನಾನು ಎದ್ದು ಹೋಗಲಿಲ್ಲ, ಅದೂ ಬರೆಯಬೇಕಾದ್ದೇ.

"ವಿಡಿಯೋ ಡಿಲೀಟ್ ಮಾಡ್ಬಿಡಿ ಸಾರ್. ಹುಡುಗಿ ನೋಡಿದ್ರೆ ಹೆದ್ರಿಕೊಳ್ತಾಳೆ. ಹೆದರಿದ ಕಾಲು ಒದೆಯಲ್ಲ. ಒಂದೇ ಒಂದು ಮ್ಯಾಚು. ಆಮೇಲೆ ನಾನೇ ಕೂರಿಸಿ ಸರಿಮಾಡ್ತೀನಿ, ನನ್ನ ಮೇಲೆ ಬಿಡಿ."

ನಾನು ಅಳಿಸಿದೆ. ಅವರ ಎದುರಿಗೇ, ನಾಲ್ಕನ್ನೂ. ಒತ್ತಾಯಕ್ಕೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ನಿಜ ಅದಲ್ಲ. ಶಾಲೆ ಗೆದ್ದರೆ ಪೇಪರಿನಲ್ಲಿ ಬರುತ್ತದೆ, ಹೆಡ್‌ಮಿಸ್ ಖುಷಿಯಾಗಿರುತ್ತಾರೆ, ನಾನು ಬಾಯಿ ಬಿಟ್ಟು ಎಲ್ಲರ ಕೈಲಿ ಬೈಸಿಕೊಳ್ಳುವುದು ಯಾಕೆ ಎಂದುಕೊಂಡೆ. ವಸ್ತುಪ್ರದರ್ಶನದಲ್ಲಿ ವಿಡಿಯೋ ಬದಲು ಡ್ರಾಯಿಂಗ್ ಹಾಳೆ ನೇತು ಹಾಕಿದೆವು. ಅದರಲ್ಲಿ ಬಲ್ಲವಳ ಊರುಗಾಲಿನ ಮಂಡಿಯನ್ನು ಸ್ಕೇಲಿಟ್ಟು ನೆಟ್ಟಗೆ ಬರೆದೆ.

ಫೈನಲ್ಲು ನಡೆದದ್ದು ದೊಡ್ಡಬಳ್ಳಾಪುರದಲ್ಲಿ. ಹಿಂದಿನ ದಿನ ಸಂಜೆ ಒಂದು ಮಳೆ ಬಂದು ಹೋಗಿತ್ತು. ನೆಲ ಹದವಾಗಿ ಒದ್ದೆಯಾಗಿತ್ತು. ಗುಂಡಿ ಗಿಂಡಿ ಏನೂ ಇಲ್ಲದ, ರೋಲರ್ ಓಡಿಸಿದ ಮೈದಾನ. ನಾನು ಮಕ್ಕಳ ಜೊತೆಗೆ ಹೋಗಿದ್ದೆ. ಆಟ ಮುಗಿಯುವ ಹೊತ್ತಾದರೂ ಎರಡೂ ಕಡೆ ಗೋಲಿಲ್ಲ. ಆಗ ಮುಬೀನಾಗೆ ಚೆಂಡು ಸಿಕ್ಕಿತು. ಬಲಗಡೆಯಿಂದ ಬಂದ ಇಬ್ಬರನ್ನು ದಾಟಿಕೊಂಡು ಬಂದಳು, ಉದ್ದ ಹೆಜ್ಜೆ ಹಾಕಿದಳು, ಒದ್ದಳು.

ಮೈದಾನದಲ್ಲಿದ್ದ ಎಲ್ಲರೂ ಚೆಂಡನ್ನು ನೋಡಿದರು. ಅದು ಗೋಲಿನ ಮೂಲೆಗೆ ಹೋಗಿ ಬಲೆ ಉಬ್ಬಿಸಿತು. ನಮ್ಮ ಮಕ್ಕಳು ಕಿರುಚಿಕೊಂಡು ಕುಣಿದವು. ಚೆಂಡು ನೋಡದವರು ಇಬ್ಬರೇ. ಒಬ್ಬರು ಅವರು. ಇನ್ನೊಬ್ಬ ನಾನು, ಅಷ್ಟು ವರ್ಷದಲ್ಲಿ ಅವರು ನನಗೂ ಅಭ್ಯಾಸ ಮಾಡಿಸಿಬಿಟ್ಟಿದ್ದರು. ಊರುಗಾಲು ಹೊರಕ್ಕೆ ತಿರುಗಿ ನೆಲ ಕಚ್ಚಿತು, ಮೈ ತಿರುಗಿತು, ಪಾದ ತಿರುಗಲಿಲ್ಲ. ಮಂಡಿ ಒಳಕ್ಕೆ ಹೋಯಿತು. ವಾಪಸು ಬರಲಿಲ್ಲ. ಕಿರುಚಾಟದಲ್ಲಿ ಅವಳು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ತಂಡದ ಹುಡುಗಿಯರು ಅವಳನ್ನು ತಬ್ಬಿಕೊಳ್ಳಲು ಓಡಿ ಬಂದವರು ನೆಲದ ಮೇಲೆ ಬಿದ್ದಿದ್ದನ್ನು ನೋಡಿ ಖುಷಿಗೆ ಬಿದ್ದಿದ್ದಾಳೆ ಅಂದುಕೊಂಡು ನಕ್ಕರು.

ಪಿ.ಟಿ. ಮೇಷ್ಟ್ರು ಓಡಿದರು. ಮಡಿಸಲಾಗದ ಆ ಕಾಲಿನಲ್ಲೇ ಓಡಿದರು. ನಾನು ಅವರ ಹಿಂದೆಯೇ ಇದ್ದೆ. ಮೊದಲು ಹೋಗಿ ಅವಳ ಪಕ್ಕದಲ್ಲಿ ಕೂರುತ್ತಾರೆ ಅಂದುಕೊಂಡೆ. ಇಲ್ಲ. ಹೆಜ್ಜೆಯ ಹತ್ತಿರ ನಿಂತರು. ಹೊರಕ್ಕೆ ತಿರುಗಿದ, ಅಚ್ಚುಕಟ್ಟಾಗಿ ಮೂಡಿದ ಎಡ ಹೆಜ್ಜೆ, ಸುತ್ತ ಸಮನಾದ ನೆಲ. ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ಬಲ ಹಿಮ್ಮಡಿಯನ್ನು ಅದರ ಮೇಲಿಟ್ಟು ತಿರುವಿದರು. ಬೀಡಿ ನಂದಿಸುವವರ ಹಾಗೆ, ಮೂರು ನಾಲ್ಕು ಸಲ. ಮಣ್ಣು ಎದ್ದು ಒಂದು ಮುಷ್ಟಿಯಷ್ಟು ತಗ್ಗಾಯಿತು. ಆಮೇಲೆ ಮುಬೀನಾಳ ತಲೆಯ ಹತ್ತಿರ ಕೂತು, ಮೇಲೆ ನೋಡಿ ಕೂಗಿದರು, "ಏನ್ರೀ ಇದು ಗ್ರೌಂಡು! ನೋಡ್ರೀ ಇಲ್ಲಿ ಗುಂಡಿ! ಮಕ್ಕಳ ಕಾಲು ಮುರಿಯಕ್ಕೆ ಇಟ್ಟಿದೀರಾ?"

ಪಂದ್ಯ ನಡೆಸುವವರು ಬಂದು ಗುಂಡಿ ನೋಡಿದರು, ಕ್ಷಮೆ ಕೇಳಿದರು. ಸಂಜೆ ಮುಬೀನಾಳ ಅಪ್ಪ ಆಸ್ಪತ್ರೆಗೆ ಬಂದಾಗಲೂ ಅದೇ ಗುಂಡಿಯ ಕಥೆ. "ಹಣೇಬರಹ ಮೇಷ್ಟ್ರೇ, ನೀವೇನ್ ಮಾಡ್ತೀರಾ" ಎಂದು ಅವರೇ ಪಿ.ಟಿ. ಮೇಷ್ಟ್ರಿಗೆ ಸಮಾಧಾನ ಹೇಳಿದರು. ಇವರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರು ಎಂದು ನಾನು ಹೇಳಲಾರೆ. ನಿಜವಾಗಿ ಅಳುತ್ತಲೇ ಸುಳ್ಳು ಹೇಳಿದರು. ನಾನು ಗೋಡೆಯ ಕಡೆ ನೋಡುತ್ತಾ ನಿಂತಿದ್ದೆ.

ಮಂಡಿಯ ಒಳಗಿನ ನಾರು ಹರಿದಿದೆ ಎಂದರು ಡಾಕ್ಟರು. ಆಪರೇಷನ್ನಿಗೆ ಮನೆಯವರು ಹೆದರಿದರು, ಕಟ್ಟು ಕಟ್ಟಿಸಿದರು. ಮುಬೀನಾ ಪರೀಕ್ಷೆಯನ್ನು ಬೆಂಚಿನ ಮೇಲೆ ಕಾಲು ಚಾಚಿಕೊಂಡು ಬರೆದಳು. ಆಮೇಲೆ ಚೆಂಡು ಮುಟ್ಟಲಿಲ್ಲ. ಟ್ರೋಫಿ ಹೆಡ್‌ಮಿಸ್ ರೂಮಿನ ಗಾಜಿನ ಬೀರುವಿನಲ್ಲಿದೆ. ಪಿ.ಟಿ. ಮೇಷ್ಟ್ರು ಮಾತ್ರ ಆವತ್ತಿನಿಂದ ಮೈದಾನಕ್ಕೆ ನೀರು ಚಿಮುಕಿಸುವುದನ್ನು ನಿಲ್ಲಿಸಿದರು. ಒಣ ಮಣ್ಣಿನಲ್ಲೇ ಮಕ್ಕಳನ್ನು ಆಡಿಸಿದರು. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನಂತೂ ಕೇಳಲೇ ಇಲ್ಲ. ಸ್ಟಾಫ್ ರೂಮಿನಲ್ಲಿ ಅವರು ನನ್ನ ಡಬ್ಬಿಗೆ ಕೈ ಹಾಕುತ್ತಲೇ ಇದ್ದರು. ನಾವಿಬ್ಬರೂ ಈಗ ಒಂದೇ ಎಂಬ ಸಲಿಗೆ ಆ ಕೈಯಲ್ಲಿತ್ತು.

ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಮುಬೀನಾ ಆಗೀಗ ಸಿಗುತ್ತಿದ್ದಳು. ದೇವನಹಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಹಾಕುವ ಕೆಲಸ. "ಚೆನ್ನಾಗಿದೀರಾ ಸಾರ್?" ಎಂದು ನಗುತ್ತಿದ್ದಳು. ಹತ್ತಬಾರದ ಬಸ್ಸನ್ನೂ ಹತ್ತಿ ನಾನು ತಪ್ಪಿಸಿಕೊಂಡಿದ್ದೇನೆ.

ಬೀಳ್ಕೊಡುಗೆಯ ದಿನ ಮೈದಾನದಲ್ಲೇ ಶಾಮಿಯಾನ ಹಾಕಿಸಿದ್ದರು. ಧೂಳೇಳಬಾರದೆಂದು ಟ್ಯಾಂಕರ್ ತರಿಸಿ ನೆಲಕ್ಕೆ ನೀರು ಹೊಡೆಸಿದ್ದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಭಾಷಣದ ಮೇಲೆ ಭಾಷಣ. ಅವರು ಪೇಟ ಸರಿಮಾಡಿಕೊಳ್ಳುತ್ತಾ, ಎಡಗಾಲು ಚಾಚಿಕೊಂಡು ಕೂತಿದ್ದರು. ಮಕ್ಕಳನ್ನು ತಮ್ಮ ಮಕ್ಕಳಂತೆ ಕಂಡವರು ಎಂದು ಯಾರೋ ಮೈಕಿನಲ್ಲಿ ಹೇಳಿದಾಗ ನನಗೆ ಎದ್ದು ಹೋಗಬೇಕೆನಿಸಿತು. ಕೂತೇ ಇದ್ದೆ, ಕೂತಿರುವುದು ನನಗೆ ರೂಢಿಯಾಗಿದೆ.

ಎಲ್ಲ ಮುಗಿದು ಜನ ಊಟಕ್ಕೆ ಹೋದ ಮೇಲೆ ಮುಬೀನಾ ಬಂದಳು. ಕೈಯಲ್ಲಿ ಗುಲಾಬಿ ಹಾರ, ಪಕ್ಕದಲ್ಲಿ ಮೂರು ನಾಲ್ಕು ವರ್ಷದ ಮಗಳು. ಶಾಮಿಯಾನದ ಆ ತುದಿಯಿಂದ ಒದ್ದೆ ನೆಲದ ಮೇಲೆ ನಡೆದು ಬಂದಳು. ಒಂದು ಹೆಜ್ಜೆ ಆಳ, ಒಂದು ಹೆಜ್ಜೆ ತೆಳು, ಒಂದು ಆಳ, ಒಂದು ತೆಳು. ನಾನು ನೋಡಿದೆ. ಪಿ.ಟಿ. ಮೇಷ್ಟ್ರು ಅವಳ ಮುಖ ನೋಡಿದರು, ಹಾರ ನೋಡಿದರು, ಮಗುವನ್ನು ನೋಡಿ ಗಲ್ಲ ಹಿಂಡಿದರು. ಬದುಕೆಲ್ಲ ನೆಲ ನೋಡಿದ ಮನುಷ್ಯ ಒಂದು ಸಲವೂ ಕೆಳಗೆ ನೋಡಲಿಲ್ಲ.

ಅವಳು ಹಾರ ಹಾಕಿ ನನ್ನ ಕಡೆ ತಿರುಗಿದಳು. "ಸಾರ್, ನಿಮ್ಮನ್ನ ಒಂದು ಕೇಳ್ಬೇಕಿತ್ತು. ಆವಾಗ ನಿಮ್ಮ ಫೋನಲ್ಲಿ ನಾನು ಒದೆಯೋದು ವಿಡಿಯೋ ತಗೊಂಡಿದ್ರಲ್ಲ? ಅದಿದೆಯಾ ಸಾರ್? ಇವಳಿಗೆ ತೋರಿಸ್ಬೇಕಿತ್ತು. ಅಮ್ಮ ಫುಟ್‌ಬಾಲ್ ಆಡ್ತಿದ್ಳು ಅಂದ್ರೆ ನಂಬೋದೇ ಇಲ್ಲ, ನಗ್ತಾಳೆ. ನನ್ನ ಹತ್ರ ಒಂದು ಫೋಟೋನೂ ಇಲ್ಲ."

ನಾನು ಬಾಯಿ ತೆರೆಯುವ ಮೊದಲೇ ಪಿ.ಟಿ. ಮೇಷ್ಟ್ರು ಹೇಳಿದರು, "ಅವ್ರ ಆ ಫೋನು ಕೆಟ್ಟೋಯ್ತು ಕಣಮ್ಮ, ಆವಾಗ್ಲೇ." ಎಷ್ಟು ಸಲೀಸಾಗಿ ಹೇಳಿದರು ಅಂದರೆ, ನನಗೂ ಒಂದು ಗಳಿಗೆ ಅದು ನಿಜವೆನಿಸಿತು. ನನಗೋಸ್ಕರ ಹೇಳಿದ ಸುಳ್ಳು. ನಾನು ತಲೆಯಾಡಿಸಿದ್ದರೆ ಸಾಕಿತ್ತು.

"ಹೋಗ್ಲಿ ಬಿಡಿ ಸಾರ್" ಎಂದಳು ಮುಬೀನಾ. ನಗುತ್ತಲೇ ಹೇಳಿದಳು, "ತಪ್ಪು ನಂದೇ. ಗುಂಡಿ ನೋಡ್ಕೊಂಡು ಕಾಲಿಟ್ಟಿದ್ರೆ ಇನ್ನೂ ಆಡ್ತಿದ್ನೋ ಏನೋ. ನಮ್ಮ ಅಬ್ಬಾ ಈಗ್ಲೂ ಹೇಳ್ತಾರೆ, ನೆಲ ನೋಡ್ದೆ ಓಡಿದೆ ಅಂತ."

ಇಷ್ಟು ವರ್ಷ ಅವಳು ಇದನ್ನು ನಂಬಿಕೊಂಡು ಬದುಕಿದ್ದಳು. ಅದು ನನಗೆ ಹೊಳೆದೇ ಇರಲಿಲ್ಲ. ಮಂಡಿ ಹೋಯಿತು ಅನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು, ತಪ್ಪು ತನ್ನದೆಂದು ಅವಳು ಹೊತ್ತುಕೊಂಡು ಓಡಾಡುತ್ತಿದ್ದಾಳೆ ಅನ್ನುವುದು ಗೊತ್ತಿರಲಿಲ್ಲ. ನನ್ನ ಮೇಲೆ ನನಗೇ ಎಷ್ಟು ಅಸಹ್ಯವಾಯಿತೆಂದರೆ ಬಾಯಿ ಮುಚ್ಚಿಕೊಂಡು ನಿಲ್ಲಲಾಗಲಿಲ್ಲ.

"ಗುಂಡಿ ಇರ್ಲಿಲ್ಲಮ್ಮ" ಎಂದೆ.

"ಸಾರ್" ಎಂದರು ಪಿ.ಟಿ. ಮೇಷ್ಟ್ರು, ಮೆಲ್ಲಗೆ.

"ಗುಂಡಿ ಇರ್ಲಿಲ್ಲ. ನೀನು ಬಿದ್ದ ಮೇಲೆ ಮಾಡಿದ್ದು ಅದು, ಶೂನಲ್ಲಿ. ನಿನ್ನ ಮಂಡಿ ಕುಸಿಯುತ್ತೆ ಅಂತ ಮೂರು ವಾರ ಮುಂಚೆನೇ ನಮ್ಮಿಬ್ರಿಗೂ ಗೊತ್ತಿತ್ತು. ಆ ವಿಡಿಯೋದಲ್ಲಿ ಕಾಣಿಸ್ತಿತ್ತು. ಫೋನು ಕೆಟ್ಟಿರ್ಲಿಲ್ಲ, ನಾನೇ ಅಳಿಸ್ದೆ. ನಿನ್ನ ತಪ್ಪು ಏನೂ ಇಲ್ಲ."

ಅವಳು ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಅಡುಗೆಯವರು ಪಾತ್ರೆ ಎಳೆಯುವ ಸದ್ದು ಕೇಳುತ್ತಿತ್ತು. ಮಗು ಬಿದ್ದಿದ್ದ ಗುಲಾಬಿ ಪಕಳೆ ಆರಿಸುತ್ತಿತ್ತು. ಆಗ, ಆ ದಿನದಲ್ಲಿ ಮೊದಲ ಸಲ, ಪಿ.ಟಿ. ಮೇಷ್ಟ್ರು ತಲೆ ತಗ್ಗಿಸಿದರು. ಅಭ್ಯಾಸ ಬಲ. ಅವರ ಕಣ್ಣು ಸೀದಾ ಹೋಗಿ ಅವಳ ಎಡಗಾಲಿನ ಮೇಲೆ ನಿಂತಿತು.

ಮುಬೀನಾ ಅದನ್ನು ಕಂಡಳು. ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಸೀರೆಯ ಅಂಚಿನಿಂದ ಮುಚ್ಚಿದಳು.